ಒಂಬತ್ತೂವರೆ ಮಿಸ್ತ್ರಿಯ ಕೈ

ಕೈಯ ಕಸುಬನ್ನು ಒಬ್ಬರ ಕೈಯಿಂದ ತೆಗೆದು ಇನ್ನೊಬ್ಬರ ಕೈಗೆ ಹಾಕುವಂತಿದ್ದರೆ? ಹಿಂದೆ ಯಾರಾದರೂ ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ವರ್ಕ್‌ಶಾಪಿನಲ್ಲಿ ಇಂಥ ಮಾತೆತ್ತಿದ್ದರೆ, 'ತಲಿ ಕೆಟ್ಟೈತೇನ್ಲೇ ನಿಂದು, ಹೋಗಿ ಚಾ ತಗೊಂಡ ಬಾ' ಎಂದು ಅಟ್ಟಿಬಿಡುತ್ತಿದ್ದರು. ಈಗ ಅದೇ ವಸಾಹತಿನ ಅಂಚಿನಲ್ಲಿರುವ ಸಮುದಾಯ ಕಾಲೇಜಿನಲ್ಲಿ ಅದು ಬೆಳಗಿನ ಮೊದಲ ತರಗತಿ.

ತರಗತಿ ಎಂದರೆ ಇಷ್ಟೇ, ತೋಳು ಹಾಕಿಕೊಳ್ಳುವುದು. ಅಂಗಿಯ ತೋಳಿನ ಹಾಗೆಯೇ ಇರುವ, ಮಣಿಕಟ್ಟಿನಿಂದ ಮೊಣಕೈವರೆಗಿನ ಬಿಗಿಯಾದ ಬಟ್ಟೆ. ಒಳಗೆಲ್ಲ ಕೂದಲಿಗಿಂತ ಸಣ್ಣ ತಂತಿಗಳ ನೇಯ್ಗೆ. ನುರಿತ ಮಿಸ್ತ್ರಿಯೊಬ್ಬ ಅದನ್ನು ತೊಟ್ಟು ಕೆಲಸ ಮಾಡಿದರೆ, ಅವನ ಸ್ನಾಯುಗಳಲ್ಲಿ ಮಿಡಿಯುವ ವಿದ್ಯುತ್ತನ್ನೆಲ್ಲ ತೋಳು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ವಿದ್ಯಾರ್ಥಿ ತೊಟ್ಟಾಗ ಅದೇ ಮಿಡಿತವನ್ನು ಅದೇ ಲಯದಲ್ಲಿ ಅವರ ಸ್ನಾಯುಗಳಿಗೆ ಮೆಲ್ಲಗೆ ಉಣಿಸುತ್ತದೆ. ಯಾರೋ ಹಿಂದೆ ನಿಂತು ಕೈ ಹಿಡಿದು ತಿದ್ದಿಸಿದಂತೆ ಅನ್ನಿಸುತ್ತದಂತೆ. ಕೆಲವು ತಿಂಗಳು ಹೀಗೆ ಕಳೆದರೆ, ತೋಳು ಬಿಚ್ಚಿಟ್ಟ ಮೇಲೂ ಕೈ ಅದನ್ನು ಮರೆಯುವುದಿಲ್ಲ.

ರೋಬಾಟುಗಳಿರುವಾಗ ಇದೆಲ್ಲ ಯಾಕೆ ಎನ್ನಬೇಡಿ. ಸಾವಿರಾರು ಒಂದೇ ನಮೂನೆಯ ವಸ್ತು ಬೇಕಿದ್ದರೆ ರೋಬಾಟು ಕಣ್ಣುಮುಚ್ಚಿ ಮಾಡುತ್ತದೆ. ಆದರೆ ಹಳೆಯ ಅಣೆಕಟ್ಟಿನ ಗೇಟಿನದೊಂದು ಹಲ್ಲುಗಾಲಿ ಮುರಿಯಿತು, ಅದನ್ನು ಮಾಡಿದ ಕಂಪನಿಯೇ ಈಗ ಇಲ್ಲ ಅಂದಾಗ? ಅಂಥ ಒಂಟಿ ಕೆಲಸಕ್ಕೆ ಮನುಷ್ಯನ ಕೈಯೇ ಬೇಕು. ಅಂಥ ಕೈಗಳು ಒಂದೊಂದಾಗಿ ಮಣ್ಣು ಸೇರುತ್ತಿದ್ದವು. ಹಾಗಾಗಿ ಉಳಿದ ಕೆಲವರ ಕೈಗಳನ್ನು ತೋಳುಗಳಲ್ಲಿ ಹಿಡಿದಿಟ್ಟರು. ಆ ಕೈಗಳಿಂದ ಕಲಿತು, ತರಬೇತಿ ಮಂಡಳಿಯ ಪರೀಕ್ಷೆ ಪಾಸಾಗಿ, ಪ್ರಮಾಣಪತ್ರ ಪಡೆದವರಿಗೆ ಮಾತ್ರ ಒಂಟಿ ಕೆಲಸ. ದಾಖಲೆ ನೀಡಿದ ಮಿಸ್ತ್ರಿಗಳನ್ನು ಕಾಲೇಜಿನವರು ಗೌರವದಿಂದ 'ಕೈ ಕೊಟ್ಟವರು' ಎಂದು ಕರೆದರು. ಕೈ ಕೊಡುವುದೆಂದರೆ ಊರಲ್ಲೆಲ್ಲ ಏನರ್ಥವೋ ಅದು ಗೊತ್ತಿದ್ದ ಹುಡುಗರು ಬಿದ್ದು ಬಿದ್ದು ನಕ್ಕರು.

ತನುಜಾ ಗಾಣಿಗೇರ ನಗಲಿಲ್ಲ. ಅವಳ ಪಾಲಿಗೆ ಬಂದ ತೋಳು ಅವಳ ಅಪ್ಪನದೇ ಆಗಿತ್ತು.

ಮೊದಲ ದಿನ ಮಿಲ್ಲಿಂಗ್ ವಿಭಾಗದ ಸುಮತಿ ಮೇಡಂ ತರಗತಿಗೆ ಆ ತೋಳನ್ನು ಎತ್ತಿ ತೋರಿಸಿ, "ಇದು ಚನವೀರಪ್ಪ ಗಾಣಿಗೇರ ಅವರ ಕೈ. ಮಿಲ್ಲಿಂಗ್ ಮಷಿನ್ ಮುಂದ ಈ ಜಿಲ್ಲಾದಾಗ ಇವರನ್ನ ಮೀರಿಸಿದವರಿಲ್ಲ. ಎಲ್ಲಾರೂ 'ಒಂಬತ್ತೂವರೆ ಮಿಸ್ತ್ರಿ' ಅಂತ ಕರೀತಿದ್ರು. ಯಾಕ ಗೊತ್ತೇನು?" ಎಂದು ಕೇಳಿದರು. ಮೇಡಂ ಈ ಕಡೆಯವರೇ ಆದರೂ ಮೈಸೂರಿನಲ್ಲಿ ಓದಿ, ಬೇರೆ ಊರುಗಳಲ್ಲಿ ದುಡಿದು ಬಂದವರು. ಆ ಹೆಸರಿನ ಕಥೆಯನ್ನು ಅವರಿಗೆ ಯಾರು ಹೇಳಿದ್ದರೋ, ಅವರೇ ಊಹಿಸಿಕೊಂಡಿದ್ದರೋ. "ಗಡಿಯಾರದಾಗ ಒಂಬತ್ತೂವರೆ ಆಗೋದೂ, ಇವರು ವರ್ಕ್‌ಶಾಪಿನ ಬಾಗಿಲಾಗ ಕಾಲಿಡೋದೂ ಒಂದಾಗಿತ್ತಂತ. ಅಂಥಾ ಶಿಸ್ತು! ನೀವು ನೋಡಿದ್ರ ಹತ್ತಾದ್ರೂ ಬರಂಗಿಲ್ಲ."

ಎಲ್ಲರೂ ತನುಜಾಳ ಕಡೆ ತಿರುಗಿ ನೋಡಿದರು. ಅವಳು ಬಾಯಿ ಬಿಡಬೇಕೆಂದುಕೊಂಡಳು. ಆ ಹೆಸರು ಬಂದದ್ದು ಗಡಿಯಾರದಿಂದಲ್ಲ. ಅವಳು ಹುಟ್ಟುವ ಮೊದಲೇ ಅಪ್ಪನ ಬಲಗೈಯ ತೋರುಬೆರಳು ಮಿಲ್ಲಿಂಗ್ ಮಷಿನ್ನಿನ ಕಟರಿಗೆ ಸಿಕ್ಕಿ ಅರ್ಧ ಹೋಗಿತ್ತು. ಉಳಿದದ್ದು ಒಂಬತ್ತೂವರೆ ಬೆರಳು. ಗೆಳೆಯರು ಕೀಟಲೆಗೆ ಇಟ್ಟ ಹೆಸರು ಅವನಿಗೇ ಅಂಟಿಕೊಂಡಿತ್ತು. ಆದರೆ ಮೇಡಂ ಹೇಳಿದ ಕಥೆ ಎಷ್ಟು ಚೆನ್ನಾಗಿತ್ತು! ಶಿಸ್ತಿನ ಮನುಷ್ಯ, ವೇಳೆಗೆ ಸರಿಯಾಗಿ ಬರುವವನು. ತೀರಿಹೋದ ಅಪ್ಪನಿಗೆ ಆ ಕಥೆ ಇಸ್ತ್ರಿ ಮಾಡಿದ ಅಂಗಿಯಂತೆ ಒಪ್ಪುತ್ತಿತ್ತು. ಇರಲಿ ಬಿಡು ಎಂದು ತನುಜಾ ಸುಮ್ಮನಾದಳು, ಹೆಮ್ಮೆಯಿಂದ ತಲೆಯನ್ನೂ ಆಡಿಸಿದಳು.

ದಾಖಲೆ ಮಾಡಿಕೊಳ್ಳಲು ಬಂದವರಿಗಾದರೂ ಬೆರಳು ಕಾಣಲಿಲ್ಲವೇ ಎಂದರೆ, ಕಂಡಿರಬೇಕು. ಆದರೆ ತೋಳು ಇರುವುದು ಮಣಿಕಟ್ಟಿನಿಂದ ಮೇಲಕ್ಕೆ. ಬೆರಳಿನ ಚಿಂತೆ ಅವರಿಗಿರಲಿಲ್ಲ. ಕೈಗೆ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ ಚನವೀರಪ್ಪ, "ಏನಿಲ್ರೀ, ಕಬ್ಬಿಣ ಇದ್ದಂಗೈತಿ" ಎಂದಿದ್ದ. ಸುಳ್ಳೇನೂ ಹೇಳಿರಲಿಲ್ಲ ಪಾಪ. ಅವನ ಲೆಕ್ಕದಲ್ಲಿ ಆ ಕೈಗೆ ಏನೂ ಕೊರತೆ ಇರಲಿಲ್ಲ. ಅದಾದ ಮೇಲೆ ಸ್ವಲ್ಪೇ ದಿನಕ್ಕೆ ಎದೆನೋವು ಬಂದು ಹೋಗಿಬಿಟ್ಟ.

ತೋಳು ತೊಟ್ಟು ಮಷಿನ್ ಮುಂದೆ ನಿಂತಾಗ ತನುಜಾಳ ಮೈ ಜುಮ್ಮೆಂದಿತು. ಕೈ ತಾನಾಗಿ ಹಿಡಿಕೆಯತ್ತ ಹೋಯಿತು. ಹಿಡಿಕೆಯನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ, ಸಡಿಲವೆಷ್ಟಿದೆ ನೋಡಿ, ಮತ್ತೆ ಮುಂದಕ್ಕೆ ತಂದಿತು. ಚಿಕ್ಕವಳಿದ್ದಾಗ ಬುತ್ತಿ ಕೊಡಲು ವರ್ಕ್‌ಶಾಪಿಗೆ ಹೋದಾಗಲೆಲ್ಲ ಅವಳು ನೋಡಿದ್ದ ಚಲನೆ ಅದು. ಕಣ್ಣು ತುಂಬಿಬಂದು ಅಳತೆಯ ಗೆರೆಗಳೇ ಕಾಣದಾದವು. ಪಕ್ಕದ ಮಷಿನ್ನಿನ ರೇಷ್ಮಾ ನದಾಫ್ ಇದನ್ನು ನೋಡಿ, "ಯಾಕಲೇ, ಕರೆಂಟ್ ಜಾಸ್ತಿ ಆತೇನು?" ಎಂದು ಕಿಚಾಯಿಸಿದಳು. ಆಮೇಲೆ ಸಂಗತಿ ನೆನಪಾಗಿ ಹತ್ತಿರ ಬಂದು ಅವಳ ಬೆನ್ನು ಸವರಿದಳು. ಚನವೀರಪ್ಪನ ದಾಖಲೆಯ ನಕಲು ರೇಷ್ಮಾಳ ತೋಳಿನಲ್ಲೂ ಇತ್ತು. ಅಂದಿನಿಂದ ಅವಳು, "ನಮ್ಮಪ್ಪ ನಿಮ್ಮಪ್ಪ ಒಬ್ಬರ ಈಗ. ನಾ ನಿನ್ನ ಅಕ್ಕ, ಮರ್ಯಾದಿ ಕೊಡು" ಎಂದು ರೇಗಿಸತೊಡಗಿದಳು.

ಮನೆಯಲ್ಲಿ ಅದನ್ನು ಮೊದಲು ಕಂಡುಹಿಡಿದವಳು ಅವ್ವ ಕಾಶವ್ವ. ಅವಳದು ರೊಟ್ಟಿ ಮಾರುವ ಕಸುಬು. ಮನೆಯ ಮುಂಭಾಗದಲ್ಲೇ ಒಲೆ, ಹಂಚು, ಕಟ್ಟಿಟ್ಟ ಖಡಕ್ ರೊಟ್ಟಿಯ ಗಂಟುಗಳು. ಒಂದು ಸಂಜೆ ತನುಜಾ ಕಾಲೇಜಿನಿಂದ ಬಂದು ಚಹಾ ಕುಡಿಯಲು ಕುಳಿತಳು. ಕಪ್ಪನ್ನು ಹೆಬ್ಬೆರಳು ಮತ್ತು ನಡುಬೆರಳಿನಿಂದ ಹಿಡಿದು ಬಸಿಯಲ್ಲೇ ಅರ್ಧ ಸುತ್ತು ತಿರುಗಿಸಿದಳು. ತೋರುಬೆರಳು ಮಾತ್ರ ಕಪ್ಪನ್ನು ಮುಟ್ಟದೆ ಮೇಲೆ ನಿಂತಿತ್ತು. ತೋಳಿನಲ್ಲಿ ದಾಖಲಾಗಿದ್ದದ್ದು ಬರೀ ಕೆಲಸ, ನಿಜ. ಆದರೆ ಚನವೀರಪ್ಪ ಮನೆಗೂ ಅದೇ ಕೈ ತರುತ್ತಿದ್ದನಲ್ಲ. ಕಪ್ಪನ್ನೂ ಅವನು ಮಷಿನ್ನಿಗೆ ಕೂರಿಸುವ ತುಂಡಿನಂತೆಯೇ ತಿರುವಿ ನೋಡುತ್ತಿದ್ದ.

ಹಂಚಿನ ಮೇಲಿನ ರೊಟ್ಟಿ ಸೀದು ಕರಕಲಾಯಿತು. ಕಾಶವ್ವ ಅತ್ತ ನೋಡಲಿಲ್ಲ.

"ಇನ್ನೊಮ್ಮೆ ತಿರುವು" ಎಂದಳು.

"ಏನ್ ಬೇ?"

"ಕಪ್ ತಿರುವು ಅಂದೆ. ಈಗ ತಿರುವಿದ್ಯಲ್ಲ, ಹಂಗ."

ತನುಜಾ ತಿರುವಿದಳು. ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಂಡ ತೀರಿದ ದಿನ ಮಂದಿಯ ಮುಂದೆ ಬಿಗಿಹಿಡಿದದ್ದೆಲ್ಲ ಅಂದು ಹೊರಗೆ ಬಂತು. ಅತ್ತು ಹಗುರಾದ ಮೇಲೆ ನಕ್ಕಳು ಕೂಡ. ಆಮೇಲಿನ ಸಂಜೆಗಳೇ ಬೇರೆ. ಮಗಳು ಬರುವ ಹೊತ್ತಿಗೆ ಕಾಶವ್ವ ಮುಖ ತೊಳೆದು, ತಲೆ ಬಾಚಿ, ಒಲೆಯ ಮುಂದಿನ ಜಾಗ ಒರೆಸಿ, ಬಸಿಯಲ್ಲಿ ಕಪ್ಪಿಟ್ಟು ಕಾಯುತ್ತಿದ್ದಳು. ತನುಜಾಳ ಕೈ ರೊಟ್ಟಿಯ ಗಂಟನ್ನು ಕಟ್ಟುವುದನ್ನು, ಚಿಮಣಿಯ ಬತ್ತಿ ಎಳೆಯುವುದನ್ನು, ಬಾಗಿಲ ಚಿಲಕ ಸರಿಸುವುದನ್ನು ಕಣ್ತುಂಬ ನೋಡುತ್ತಿದ್ದಳು. ಮಗಳ ಮುಖವನ್ನು ಮಾತ್ರ ಹೆಚ್ಚು ನೋಡುತ್ತಿರಲಿಲ್ಲ. ತನುಜಾಳಿಗೆ ಇದು ಒಮ್ಮೊಮ್ಮೆ ಚುರುಕ್ಕೆನ್ನುತ್ತಿತ್ತು. ಆದರೂ ಅವ್ವ ನಗುತ್ತಿದ್ದಾಳಲ್ಲ, ಸಾಕು ಎಂದುಕೊಳ್ಳುತ್ತಿದ್ದಳು.

ಹೀಗೆ ಕೋರ್ಸಿನ ಕೊನೆ ಹತ್ತಿರ ಬಂತು. ಅಲ್ಲಿಯವರೆಗೂ ಕಾಲೇಜಿನ ಮಷಿನ್ನುಗಳ ಕಟರಿಗೆ ಪಾರದರ್ಶಕ ಗಾರ್ಡ್ ಇರುತ್ತಿತ್ತು, ಬೆರಳು ಒಳಗೆ ಹೋಗುವಂತೆಯೇ ಇರಲಿಲ್ಲ. ಆದರೆ ಒಂಟಿ ಕೆಲಸಕ್ಕೆ ಬರುವ ತುಂಡುಗಳು ಅಂಕುಡೊಂಕು ಆಕಾರದವು, ಗಾರ್ಡ್ ತೆಗೆಯದೆ ಕೂರುವುದಿಲ್ಲ. ಮಂಡಳಿಯ ಪರೀಕ್ಷೆಯೂ ಗಾರ್ಡ್ ಇಲ್ಲದೆಯೇ. ಅದರ ತಾಲೀಮು ಶುರುವಾದ ದಿನ ಮೊದಲ ಸರದಿ ತನುಜಾಳದು. ರೇಷ್ಮಾ ಬಂದು, "ಮನ್ಯಾಗ ನೆಂಟರು ಬಂದಾರಲೇ, ನಾ ಮೊದಲ ಮುಗಿಸಿ ಓಡ್ತೀನಿ" ಎಂದು ಗೋಗರೆದಳು. ತನುಜಾ ಜಾಗ ಬಿಟ್ಟುಕೊಟ್ಟಳು.

ಕಟರ್ ತಿರುಗುತ್ತಿತ್ತು. ಸಿಪ್ಪೆ ಸಿಪ್ಪೆಯಾಗಿ ಲೋಹ ಎದ್ದು ಬರುತ್ತಿತ್ತು. ಆ ಚೂರನ್ನು ಬ್ರಷ್ಷಿನಿಂದ ಸರಿಸಬೇಕು. ಕಟರ್ ನಿಲ್ಲಿಸಿಯೇ ಸರಿಸಬೇಕು ಎನ್ನುತ್ತದೆ ಪುಸ್ತಕ. ಯಾವ ವರ್ಕ್‌ಶಾಪಿನಲ್ಲೂ ಯಾವ ಮಿಸ್ತ್ರಿಯೂ ನಿಲ್ಲಿಸಿದ್ದಿಲ್ಲ. ಚನವೀರಪ್ಪನೂ ನಿಲ್ಲಿಸುತ್ತಿರಲಿಲ್ಲ. ತೋರುಬೆರಳನ್ನು ಬ್ರಷ್ಷಿನ ಉದ್ದಕ್ಕೂ ಚಾಚಿ, ಕಟರಿನ ಹಲ್ಲಿಗೆ ತಾಗಿಯೂ ತಾಗದಂತೆ ಚೂರನ್ನು ಹೊರಗೆ ಎಳೆಯುತ್ತಿದ್ದ. ಅಷ್ಟು ಹತ್ತಿರ ಹೋಗಲು ಅವನಿಗೆ ಧೈರ್ಯ ಬಂದದ್ದೇ ಆ ಬೆರಳು ಮೋಟಾಗಿದ್ದರಿಂದ. ರೇಷ್ಮಾಳ ಕೈ ಅವನ ಕೈ ಹೋದಷ್ಟೇ ಹೋಯಿತು, ಕೂದಲೆಳೆಯಷ್ಟೂ ಹೆಚ್ಚು ಹೋಗಲಿಲ್ಲ. ಆದರೆ ಅವಳಿಗೆ ಪೂರ್ತಿ ಬೆರಳಿತ್ತು.

ಅವಳು ಕಿರುಚಲೂ ಇಲ್ಲ. ಏನಾಯಿತೆಂದು ತಿಳಿಯದವಳಂತೆ ಕೈಯನ್ನು ಕಣ್ಣ ಮುಂದೆ ಹಿಡಿದು ನೋಡಿದಳು. ಕಿರುಚಿದವಳು ತನುಜಾ. ಮಷಿನ್ ನಿಲ್ಲಿಸಿ, ಗೆಳತಿಯ ಕೈಗೆ ತನ್ನ ವೇಲು ಬಿಗಿದು ಕಟ್ಟುವಾಗಲೇ ಅವಳಿಗೆ ಎಲ್ಲ ತಿಳಿದುಹೋಯಿತು.

ಮರುದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಸುಮತಿ ಮೇಡಂಗೆ ಹೇಳಿದಳು. "ಮೇಡಂ, ಒಂಬತ್ತೂವರೆ ಅಂದ್ರ ವ್ಯಾಳ್ಯಾ ಅಲ್ರೀ. ಬೆರಳು. ನಮ್ಮಪ್ಪಗ ಈ ಬೆರಳು ಅರ್ಧಾ ಇರಲಿಲ್ಲ. ನನಗ ಗೊತ್ತಿತ್ರೀ. ನಾ ಅವತ್ತ ಹೇಳಿದ್ರ..."

ಮೇಡಂ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. "ಕೇಳಬೇಕಾದವಳು ನಾನು. ಕಥಿ ಕಟ್ಟಿ ಹೇಳಿದವಳೂ ನಾನು" ಎಂದರು.

ಮಂಡಳಿಯವರು ಬಂದರು, ತೋಳನ್ನು ಪರೀಕ್ಷಿಸಿದರು. ಆ ಅರ್ಧ ಬೆರಳನ್ನಷ್ಟೇ ದಾಖಲೆಯಿಂದ ತಿದ್ದಲು ಬರುವುದಿಲ್ಲವೆಂದು ಗೊತ್ತಾಯಿತು. ಬೆರಳು ಹೋದ ಮೇಲೆ ಚನವೀರಪ್ಪನ ಮಣಿಕಟ್ಟು, ಮೊಣಕೈ, ಹಿಡಿತ, ಎಲ್ಲವೂ ಅದಕ್ಕೆ ಹೊಂದಿಕೊಂಡು ಮತ್ತೆ ಹೊಸದಾಗಿ ಕಲಿತಿದ್ದವು. ಒಂದು ಎಳೆ ಎಳೆದರೆ ಇಡೀ ಕೈಯೇ ಬಿಚ್ಚಿಹೋಗುತ್ತಿತ್ತು. ಆದ್ದರಿಂದ ಆ ತೋಳಿನಿಂದ ಕಲಿತವರು ಕಲಿತದ್ದನ್ನು ಅಳಿಸಿಕೊಳ್ಳಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅಳಿಸುವುದೂ ತೋಳಿನಿಂದಲೇ, ಮಿಡಿತಗಳನ್ನು ತಿರುಗುಮುರುಗಾಗಿ ಹಾಯಿಸಿ. ಹುಡುಗರು ಅದಕ್ಕೆ 'ಕೈ ತೊಳೆಯೋದು' ಎನ್ನುತ್ತಿದ್ದರು. ಮೂಲ ದಾಖಲೆಯನ್ನು ಅಳಿಸುವುದು ಮಾತ್ರ ಮಂಡಳಿಯ ಕೈಯಲ್ಲಿರಲಿಲ್ಲ. ಕೈ ಕೊಟ್ಟವರು ಇಲ್ಲದಿದ್ದರೆ ಅವರ ಹೆಂಡತಿಯೋ ಗಂಡನೋ ಒಪ್ಪಬೇಕು. ಒಪ್ಪದಿದ್ದರೆ ದಾಖಲೆ ಹಾಗೇ ಉಳಿಯುತ್ತದೆ, ಬೇರೆ ಊರಿನ ಬೇರೆ ಕಾಲೇಜಿಗೆ, ಎಚ್ಚರಿಕೆಯ ಒಂದು ಸಾಲಿನೊಂದಿಗೆ ಹೋಗುತ್ತದೆ. ಮೂಲ ಇರುವವರೆಗೆ ತನುಜಾಳ ಕೈಯನ್ನೂ ಪೂರ್ತಿ ತೊಳೆಯಲಾಗದು. ಹೆತ್ತವರ ಕೈ ಮಕ್ಕಳ ಕೈಯಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ, ನಕಲಿನಿಂದ ತೊಳೆದರೆ ಸಾಲದು, ಮೂಲವನ್ನೇ ತಿರುಗುಮುರುಗಾಗಿ ಹಾಯಿಸಿ ಬರಿದುಮಾಡಬೇಕು ಎಂದರು ಮಂಡಳಿಯವರು.

ಕಾಶವ್ವ ಸುತರಾಂ ಒಪ್ಪಲಿಲ್ಲ.

"ಕೈ ತೊಳಕೊಂಡು ಬಿಡು ಅಂತೀಯೇನು ಅವರನ್ನ?" ಎಂದಳು. ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ. "ಒಮ್ಮೆ ಸುಡುಗಾಡಿಗೆ ಕಳಿಸಿ ಬಂದೀನಿ. ಎರಡನೇ ಸಲ ನನ್ನ ಕೈಲೆ ಆಗಂಗಿಲ್ಲ."

"ಯವ್ವಾ, ರೇಷ್ಮಾನ ಬೆರಳು..."

"ನೀ ಹುಷಾರಿ ಇರು. ನಿನಗ ಗೊತ್ತೈತೆಲ್ಲ, ಬೆರಳು ಮಡಚಿಕೋ. ಬ್ಯಾರೆ ಕೆಲಸ ಮಾಡು. ಸರ್ಟಿಫಿಕೇಟ್ ಇಲ್ಲಂದ್ರ ರೊಟ್ಟಿ ಮಾರೋಣಂತ. ನಾ ಮಾರಿಲ್ಲೇನು?"

ಮಗಳು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಅಪ್ಪನನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಆದರೆ ಬೆರಳು ಮಡಚಿಕೊಳ್ಳಲು ನೋಡಿದರೆ, ಮರೆತ ಗಳಿಗೆಯಲ್ಲಿ ಅದು ತಾನಾಗಿ ಚಾಚಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಹಂಚಿನ ಮೇಲಿನ ರೊಟ್ಟಿ ತಿರುವಲು ಹೋಗಿ ಬೆರಳ ತುದಿ ಕಾದ ಕಬ್ಬಿಣಕ್ಕೆ ಒತ್ತಿ ಬೊಬ್ಬೆ ಎದ್ದಿತು. ಅವಳು ಅದನ್ನು ಅವ್ವನಿಗೆ ಕಾಣದಂತೆ ಮುಚ್ಚಿಟ್ಟಳು.

ಕೆಲವು ವಾರ ಕಳೆದ ಮೇಲೆ ರೇಷ್ಮಾ ಮನೆಗೆ ಬಂದಳು. ತನುಜಾ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟಳು. "ಸಾಕು ಬಿಡಲೇ, ನನ್ನ ಬೆರಳಿಗೆ ನೀ ಎಷ್ಟು ಅಳ್ತಿ" ಎಂದು ರೇಷ್ಮಾಳೇ ಸಮಾಧಾನ ಮಾಡಿದಳು. ಕಾಶವ್ವ ಚಹಾ ತಂದಿಟ್ಟು, ಮುಖ ಕೊಟ್ಟು ಮಾತಾಡಲಾಗದೆ ಒಲೆಯ ಕಡೆ ಹೋಗಿ ಕುಳಿತಳು.

ರೇಷ್ಮಾ ಕಪ್ಪಿಗೆ ಕೈ ಚಾಚಿದಳು. ಹೆಬ್ಬೆರಳು, ನಡುಬೆರಳು. ನಡುವೆ ಆ ಮೋಟು ಬೆರಳು, ಇನ್ನೂ ಕೆಂಪಗೆ, ಹೊಸ ಚರ್ಮ ಹೊಳೆಯುತ್ತಿತ್ತು. ಕಪ್ಪು ಬಸಿಯಲ್ಲಿ ಅರ್ಧ ಸುತ್ತು ತಿರುಗಿತು. ತನುಜಾಳ ಕೈ ತಿರುವಿದಾಗ ತೋರುಬೆರಳು ಎಲ್ಲಿಡಲಿ ಎಂದು ತಿಳಿಯದೆ ಮೇಲೆದ್ದು ನಿಲ್ಲುತ್ತಿತ್ತಲ್ಲ, ಇಲ್ಲಿ ಆ ತಡವರಿಕೆಯೂ ಇರಲಿಲ್ಲ. ಚನವೀರಪ್ಪನ ಕೈಯೇ ಬಂದು ಕುಳಿತಂತಿತ್ತು.

"ನಿನ್ನೆ ಕಾಲೇಜಿಗೆ ಹೋಗಿದ್ನಿ" ಎಂದಳು ರೇಷ್ಮಾ. "ಸುಮ್ನ ನೋಡೂಣ ಅಂತ ಮಷಿನ್ ಹಚ್ಚಿದೆ. ಎಲ್ಲೂ ನಡಗಲಿಲ್ಲ, ಎಲ್ಲೂ ತಪ್ಪಲಿಲ್ಲ. ಮೊದಲು ಎಷ್ಟು ಗುದ್ಯಾಡಿದ್ರೂ ಬರದ ಅಳತಿ ಈಗ ತಾನ ಬರತೈತಿ." ಅವಳು ನಕ್ಕಳು, ಆದರೆ ಆ ನಗು ಕಣ್ಣು ಮುಟ್ಟಲಿಲ್ಲ. "ಈಗ ಸರೀಗೆ ಕೂಡತೈತಿ ನೋಡಲೇ ನಿಮ್ಮಪ್ಪನ ಕೈ. ಅಲ್ಲಿ ಬಂದಿದ್ದ ಯಾರೋ ಸಾಹೇಬ ಭಾಳ ಖುಷಿಯಾದ. ಈ ತೋಳಿಗೆ ಇಂಥಾ ಬೆರಳೇ ಬೇಕು ಅಂದ. ಚಾಷ್ಟಿಗೆ ಅಂದಿರಬೇಕು. ಚಾಷ್ಟಿಗೇ ಅಂದಾನ, ಅಲ್ಲೇನು?"

ಆಗ ಕಾಶವ್ವ ಎದ್ದು ಬಂದಳು. ರೇಷ್ಮಾಳ ಎದುರು ಕುಳಿತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದಳು. ಗಂಡನ ಕೈಯನ್ನು ನೋಡುವಂತೆ ನೋಡಲಿಲ್ಲ. ಹುಡುಗಿಯ ಮುಖವನ್ನೂ ಕೈಯನ್ನೂ ಒಂದಾದ ಮೇಲೊಂದು ನೋಡಿದಳು. ಆಮೇಲೆ ಮಗಳ ಬಲಗೈ ಎಳೆದುಕೊಂಡು ಬೆರಳ ತುದಿಯ ಬೊಬ್ಬೆಯ ಗುರುತನ್ನು ಹೆಬ್ಬೆರಳಿನಿಂದ ಒತ್ತಿದಳು. ಮುಚ್ಚಿಟ್ಟದ್ದು ಅವಳಿಗೆ ಎಂದೋ ಗೊತ್ತಿತ್ತು.

"ನಾಳೆ ಕರಕೊಂಡ ನಡಿ" ಎಂದಳು.

ಮರುದಿನ ಕಾಲೇಜಿನ ಕೋಣೆಯೊಂದರಲ್ಲಿ ತನುಜಾ ತೋಳು ತೊಟ್ಟು ಕುಳಿತಳು. ಪಕ್ಕದಲ್ಲಿ ಕಾಶವ್ವ, ಆಚೆ ಸುಮತಿ ಮೇಡಂ. ಎದುರಿಗೆ ಒಪ್ಪಿಗೆ ಕೇಳುವ ಯಂತ್ರ. ಅದಕ್ಕೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಯಾರ ದಾಖಲೆ ಅಳಿಸಬೇಕೋ ಅವರ ಹೆಸರನ್ನು ಹಕ್ಕುದಾರರು ಬಾಯಿಬಿಟ್ಟು ಹೇಳಬೇಕು, ತಮ್ಮದೇ ದನಿಯಲ್ಲಿ.

ಮೇಡಂ ಇದನ್ನು ವಿವರಿಸಿದಾಗ ಕಾಶವ್ವ ಮಗಳ ಮುಖ ನೋಡಿದಳು. "ಹೆಸರು... ನಾನ ಹೇಳಬೇಕೇನು?"

ಗಂಡನ ಹೆಸರನ್ನು ಅವಳು ಒಡಪು ಹಾಕದೆ ಎಂದೂ ಹೇಳಿದವಳಲ್ಲ. ಅದೂ ಮದುವೆ ಸೋಬಾನೆಯಲ್ಲಿ, ಹೆಂಗಸರೆಲ್ಲ ಬಾಗಿಲು ಕಟ್ಟಿ ಕಾಡಿಸಿದಾಗ, ಪ್ರಾಸದ ನಡುವೆ ಹುದುಗಿಸಿ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಜಮಾನರ ಹೆಸರೇನು ಎಂದರೆ ಮಗಳನ್ನು ಮುಂದೆ ತಳ್ಳುತ್ತಿದ್ದಳು. ಅವನು ಹೋದ ಮೇಲೂ ಅವನು 'ಅವರು' ಆಗಿಯೇ ಉಳಿದಿದ್ದ. ತನುಜಾ ಅಭ್ಯಾಸಬಲದಿಂದ ಬಾಯಿ ತೆರೆದಳು. ಮೇಡಂ ತಲೆ ಅಲ್ಲಾಡಿಸಿ, "ನೀ ಹೇಳಿದ್ರ ನಡಿಯಂಗಿಲ್ಲ ತಂಗಿ" ಎಂದರು.

ಕಾಶವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತುಟಿ ಅಲುಗಿತು. ಹೊರಗೆ ಬಂದದ್ದು ಬರೀ ಉಸಿರು.

"ದನಿ ಸ್ಪಷ್ಟವಾಗಿಲ್ಲ. ದಯವಿಟ್ಟು ಹೆಸರನ್ನು ಮತ್ತೊಮ್ಮೆ ಹೇಳಿ" ಎಂದಿತು ಯಂತ್ರ.

ತೋಳಿನೊಳಗೆ ತನುಜಾಳ ಕೈ ಮೇಜಿನ ಮೇಲಿತ್ತು. ತೋರುಬೆರಳು ಚಾಚಿಕೊಂಡಿತ್ತು. ಕಾಶವ್ವ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಈ ಸಲ ಯಂತ್ರದ ಕಡೆ ನೋಡಲೇ ಇಲ್ಲ. ಹೊರಗೆ ಹೊರಟ ಗಂಡನನ್ನು ಬಾಗಿಲಲ್ಲಿ ನಿಂತು ಕೂಗುವ ಹೆಂಗಸಿನ ಹಾಗೆ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ಚನವೀರಪ್ಪಾ... ಸಾಕ್ರೀ ಇನ್ನ. ಮಗಳ ಕೈ ಬಿಡ್ರಿ."

ಹಸಿರು ದೀಪ ಹತ್ತಿತು.